ಎರಡನೆಯ ಪಂಕ್ತಿಯಲ್ಲಿ ಕುಳಿತವರು

ನಮ್ಮ ಕಡೆಯ ಮದುವೆಮನೆಗಳಲ್ಲಿ ಮೊದಲನೆಯ ಪಂಕ್ತಿ, ಎರಡನೆಯ ಪಂಕ್ತಿ ಎಂಬ ವ್ಯವಸ್ಥೆ ವಾಚಕರಿಗೆ ಗೊತ್ತೇ ಇದೆ. ಬೀಗರು, ಹಿರಿಯರು, ಊರಿನ ಗಣ್ಯರು ಮೊದಲು ಕೂರುತ್ತಾರೆ; ಉಳಿದವರು ಎಲೆ ಎತ್ತುವವರೆಗೂ ಕಾಯುತ್ತಾರೆ. ಎಲೆಯೂ ಅದೇ, ಸಾರೂ ಅದೇ. ಆದರೂ ಎರಡನೆಯ ಪಂಕ್ತಿಯವರನ್ನು ಕುರಿತು ಯಾರೂ ಹೆಚ್ಚಾಗಿ ಮಾತಾಡುವುದಿಲ್ಲ. ಕ್ರೀಡಾಪ್ರಪಂಚದಲ್ಲೂ ಇಂಥ ಪಂಕ್ತಿಭೇದ ಉಂಟು. ಏಷ್ಯಾಖಂಡದ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಎರಡನೆಯ ಪಂಕ್ತಿಯವರಿಗಾಗಿ ಏರ್ಪಟ್ಟಿದ್ದ ಪಂದ್ಯಾವಳಿಯ ಹೆಸರು ಎ.ಎಫ್.ಸಿ. ಕಪ್. ಅದರಲ್ಲಿ ಬೆಂಗಳೂರು ಮತ್ತು ಪುಣೆ, ನಮ್ಮ ಎರಡೂ ಊರುಗಳು ಒಂದೊಂದು ಕಾಲದಲ್ಲಿ ಎಲೆಯ ಮುಂದೆ ಕುಳಿತಿದ್ದುವು. ಒಂದು ಊರಿನ ತಂಡ ಅಂತಿಮ ಪಂದ್ಯದವರೆಗೂ ಹೋಯಿತು. ಇನ್ನೊಂದು ಊರಿನ ತಂಡ ಇಂದು ಇಲ್ಲವೇ ಇಲ್ಲ.

ಕ್ರೀಡೆಯೆಂದರೆ ನಮ್ಮವರಿಗೆ ಕ್ರಿಕೆಟ್ ಎಂದೇ ಅರ್ಥವಾಗಿಬಿಟ್ಟಿದೆ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಅವರಿಂದ ದ್ರಾವಿಡ್, ಕುಂಬ್ಳೆಯವರೆಗೆ ಹೆಸರುಗಳನ್ನು ಸಣ್ಣ ಮಕ್ಕಳೂ ಹೇಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಲ್ಚೆಂಡಿನಲ್ಲೂ ನಮ್ಮ ನಾಡಿಗೆ ಒಂದು ಇತಿಹಾಸವಿದೆ ಎಂಬುದು ಮರೆತುಹೋಗಬಾರದು. ಮುಂಬಯಿಯ ಪ್ರಸಿದ್ಧ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಆ ಕಾಲಕ್ಕೆ ಆ ಕಪ್ಪು ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತೆಂಬಂತೆ ಇತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಮೇಲೆ ಅದು ನಮಗೆ ಮರಳಿ ಬರಲು 2023ರ ಮಾರ್ಚಿಯವರೆಗೆ ಕಾಯಬೇಕಾಯಿತು.

ಏಷ್ಯಾದ ಫುಟ್‌ಬಾಲ್ ಒಕ್ಕೂಟ ಸ್ಥಾಪನೆಯಾದದ್ದು 1954ರಲ್ಲಿ. ಕ್ಲಬ್ಬುಗಳಿಗಾಗಿ ಖಂಡಮಟ್ಟದ ಪಂದ್ಯಾವಳಿಯೊಂದು 1967ರಲ್ಲಿ ಪ್ರಾರಂಭವಾಯಿತು. ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. 1969ರಲ್ಲಿ ಬ್ಯಾಂಕಾಕಿನಲ್ಲಿ ಈ ಪಂದ್ಯಾವಳಿ ನಡೆದಾಗ ಭಾರತದ ಪರವಾಗಿ ಹೋದದ್ದು ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳಲ್ಲ, ಮೈಸೂರು ರಾಜ್ಯದ ತಂಡ! ಆಗ ನಮ್ಮ ದೇಶದಲ್ಲಿ ರಾಷ್ಟ್ರೀಯ ಲೀಗ್ ಎಂಬುದೇ ಇರಲಿಲ್ಲವಾದ ಕಾರಣ ಸಂತೋಷ್ ಟ್ರೋಫಿಯ ವಿಜೇತರಿಗೆ ಆ ಗೌರವ ದೊರಕಿತು. ಆ ಪಂದ್ಯಾವಳಿ 1971ರ ನಂತರ ನಿಂತುಹೋಗಿ ಸುಮಾರು ಹದಿನೈದು ವರ್ಷಗಳ ಮೇಲೆ ಮತ್ತೆ ಜೀವ ಪಡೆಯಿತು. ಹೊಸ ಶತಮಾನದಲ್ಲಿ ಅದು ಚಾಂಪಿಯನ್ಸ್ ಲೀಗ್ ಎಂಬ ರೂಪ ತಾಳಿತು.

ಆದರೆ ಏಷ್ಯಾ ಬಹು ದೊಡ್ಡ ಖಂಡ. ಅದರೊಳಗಿನ ಅಂತರವೂ ಬಹು ದೊಡ್ಡದು. ಜಪಾನ್, ಕೊರಿಯಾ, ಸೌದಿ ಅರೇಬಿಯಾಗಳ ಕ್ಲಬ್ಬುಗಳ ಹಣಬಲ ಎಲ್ಲಿ, ಮಾಲ್ದೀವ್ಸ್, ಮಯನ್ಮಾರ್, ಭಾರತಗಳ ಕ್ಲಬ್ಬುಗಳ ಬಲ ಎಲ್ಲಿ? ವಿಜ್ಞಾನದ ಪ್ರಯೋಗಾಲಯದಲ್ಲಿ ಮಿಲಿಗ್ರಾಂ ತೂಗುವ ತಕ್ಕಡಿಯಲ್ಲಿ ಯಾರೂ ಕಬ್ಬಿಣದ ಗಟ್ಟಿಯನ್ನು ಇಡುವುದಿಲ್ಲ. ಇಟ್ಟರೆ ತಕ್ಕಡಿ ಕೆಡುತ್ತದೆಯೇ ಹೊರತು ತೂಕ ತಿಳಿಯುವುದಿಲ್ಲ. ಒಕ್ಕೂಟದವರು ಇದನ್ನರಿತು ಸದಸ್ಯ ರಾಷ್ಟ್ರಗಳನ್ನು ಬೆಳೆದವು, ಬೆಳೆಯುತ್ತಿರುವವು, ಇನ್ನೂ ತಲೆ ಎತ್ತುತ್ತಿರುವವು ಎಂದು ವಿಂಗಡಿಸಿ, ಎರಡನೆಯ ವರ್ಗದವರಿಗೆಂದು 2004ರಲ್ಲಿ ಎ.ಎಫ್.ಸಿ. ಕಪ್ಪನ್ನು ಆರಂಭಿಸಿದರು. ಯುರೋಪಿನಲ್ಲಿ ಮೊದಲು ಯುಇಎಫ್ಎ ಕಪ್ ಎಂದಿದ್ದು ಈಗ ಯುರೋಪಾ ಲೀಗ್ ಎನಿಸಿಕೊಂಡಿರುವ ಪಂದ್ಯಾವಳಿಯೂ ಎರಡನೆಯ ಪಂಕ್ತಿಯದೇ. ಆದರೆ ಅಲ್ಲಿ ಒಂದೇ ದೇಶದ ಕೆಲವು ತಂಡಗಳು ಮೊದಲ ಪಂಕ್ತಿಗೂ ಕೆಲವು ಎರಡನೆಯದಕ್ಕೂ ಹೋಗುತ್ತವೆ. ಇಲ್ಲಿ ಇಡೀ ದೇಶಕ್ಕೆ ದೇಶವೇ ಎರಡನೆಯ ಪಂಕ್ತಿಯಲ್ಲಿ ಕುಳಿತಿತ್ತು.

ಮೊದಲ ವರ್ಷ ಸಿರಿಯಾದ ಅಲ್ ಜೈಷ್ ಗೆದ್ದಿತು. ಮುಂದೆ ಜೋರ್ಡಾನ್, ಬಹರೇನ್, ಕುವೈತ್, ಉಜ್ಬೇಕಿಸ್ತಾನಗಳ ಕ್ಲಬ್ಬುಗಳು ಗೆದ್ದುವು. ಭಾರತದಿಂದ ಮೊದಲ ವರ್ಷವೇ ಈಸ್ಟ್ ಬೆಂಗಾಲ್ ಮತ್ತು ಮುಂಬಯಿಯ ಮಹೀಂದ್ರ ಯುನೈಟೆಡ್ ತಂಡಗಳು ಭಾಗವಹಿಸಿದ್ದುವು. 2008ರಲ್ಲಿ ಗೋವೆಯ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಉಪಾಂತ್ಯವನ್ನು ತಲುಪಿದುವು. ಅದಕ್ಕೆ ಮುಂದಿನ ಮೆಟ್ಟಿಲನ್ನು ಯಾರೂ ಹತ್ತಿರಲಿಲ್ಲ.

ಈಗ ನಾವಿರುವ ಪುಣೆಯ ಕಥೆಗೆ ಬರೋಣ. ಪುಣೆ ಎಫ್.ಸಿ. ಎಂಬ ಕ್ಲಬ್ಬು 2007ರಲ್ಲಿ ಸ್ಥಾಪಿತವಾಗಿ, ಎರಡು ವರ್ಷಗಳಲ್ಲಿ ಐ-ಲೀಗಿನ ಮೇಲ್ದರ್ಜೆಗೆ ಏರಿತು. 2012-13ರ ಲೀಗಿನಲ್ಲಿ ಚರ್ಚಿಲ್ ಬ್ರದರ್ಸ್ ನಂತರದ ಎರಡನೆಯ ಸ್ಥಾನ ಅದರದಾಯಿತು. ಆ ಬಲದ ಮೇಲೆ 2014ರ ಜನವರಿಯಲ್ಲಿ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯವಾಡಲು ವಿಯೆಟ್ನಾಮಿನ ಹನೋಯ್ ನಗರಕ್ಕೆ ಹೋಗಿ, ಸೋತು, ಎ.ಎಫ್.ಸಿ. ಕಪ್ಪಿಗೆ ಇಳಿಯಿತು. ಹಾಂಗ್‌ಕಾಂಗಿನ ಕಿಚೀ, ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ಮತ್ತು ಮಯನ್ಮಾರಿನ ನೇಪಿಡಾ ತಂಡಗಳು ಅದರ ಗುಂಪಿನಲ್ಲಿದ್ದುವು. ನಮ್ಮ ಬಾಲೇವಾಡಿಯ ಕ್ರೀಡಾಂಗಣಕ್ಕೆ ಆ ವಿದೇಶೀ ತಂಡಗಳು ಬಂದು ಆಡಿ ಹೋದುವು. ಪುಣೆಯ ತಂಡಕ್ಕೆ ಗುಂಪಿನ ಹಂತವನ್ನು ದಾಟಲಾಗಲಿಲ್ಲ.

ಅದೇ ವೇಳೆಗೆ ಬೆಂಗಳೂರಿನಲ್ಲಿ ಏನು ನಡೆದಿತ್ತು? ಒಂದು ಕಾಲಕ್ಕೆ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸರಕಾರಿ ಕಾರ್ಖಾನೆಗಳೇ ಅಲ್ಲಿನ ಫುಟ್‌ಬಾಲಿಗೆ ಅನ್ನದಾತರು. ಆಟಗಾರನಿಗೆ ಕೆಲಸ ಕೊಡುವುದು, ಬೆಳಿಗ್ಗೆ ಅಭ್ಯಾಸ, ಆಮೇಲೆ ಕಾರ್ಖಾನೆ. ಆ ಪದ್ಧತಿ ಕ್ರಮೇಣ ಬಡವಾಯಿತು. ಎಚ್.ಎ.ಎಲ್. ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿದಾಗ ದೇಶದ ಮೇಲ್ದರ್ಜೆಯಲ್ಲಿ ಬೆಂಗಳೂರಿನ ಹೆಸರು ಹೇಳುವವರಿಲ್ಲದಂತಾಯಿತು. 2013ರಲ್ಲಿ ಜಿಂದಾಲ್ ಉದ್ಯಮ ಸಮೂಹದವರು ಬೆಂಗಳೂರು ಎಫ್.ಸಿ. ಎಂಬ ಹೊಸ ಕ್ಲಬ್ಬನ್ನು ಕಟ್ಟಿದರು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ತರಬೇತುದಾರರಾದರು. ಮೊದಲ ವರ್ಷವೇ ತಂಡ ಐ-ಲೀಗನ್ನು ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು.

2016ರ ಎ.ಎಫ್.ಸಿ. ಕಪ್ಪಿನಲ್ಲಿ ಬೆಂಗಳೂರಿನ ತಂಡ ತನ್ನ ಗುಂಪಿನಲ್ಲಿ ಮಲೇಷಿಯದ ಜೊಹೋರ್ ದಾರುಲ್ ತಾಜಿಮ್ ಹಿಂದೆ ಎರಡನೆಯ ಸ್ಥಾನ ಪಡೆಯಿತು. ಮುಂದಿನ ಹಂತದಲ್ಲಿ ಹಾಂಗ್‌ಕಾಂಗಿಗೇ ಹೋಗಿ ಕಿಚೀ ತಂಡವನ್ನು 3-2ರಿಂದ ಸೋಲಿಸಿತು. ಅಷ್ಟರಲ್ಲಿ ತರಬೇತುದಾರರು ಬದಲಾಗಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದಿದ್ದರು. ಅಂತಿಮ ಎಂಟರ ಘಟ್ಟದಲ್ಲಿ ಟ್ಯಾಂಪಿನೀಸ್ ರೋವರ್ಸ್ ವಿರುದ್ಧ ಬೆಂಗಳೂರಿನಲ್ಲಿ 1-0, ಸಿಂಗಪುರದಲ್ಲಿ 0-0. ಪುಣೆಯವರ ಗುಂಪಿನಲ್ಲಿದ್ದ ಎರಡು ತಂಡಗಳನ್ನು ಎರಡು ವರ್ಷಗಳ ತರುವಾಯ ಬೆಂಗಳೂರಿನವರು ಒಂದಾದ ಮೇಲೊಂದರಂತೆ ದಾಟಿದರೆಂಬುದನ್ನು ವಾಚಕರು ಗಮನಿಸಬೇಕು.

ಉಪಾಂತ್ಯದಲ್ಲಿ ಮತ್ತೆ ಎದುರಾದದ್ದು ಹಿಂದಿನ ವರ್ಷದ ವಿಜೇತರಾದ ಜೊಹೋರ್ ತಂಡವೇ. ಮಲೇಷಿಯದಲ್ಲಿ ನಡೆದ ಮೊದಲ ಪಂದ್ಯ 1-1ರಲ್ಲಿ ಸಮನಾಯಿತು. ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಎರಡನೆಯ ಪಂದ್ಯ. ಮೊದಲು ಗೋಲು ಹೊಡೆದವರು ಅತಿಥಿಗಳೇ. ವಿರಾಮಕ್ಕೆ ಮುನ್ನ ನಾಯಕ ಸುನೀಲ್ ಛೇಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿ ಸಮ ಮಾಡಿದರು; ವಿರಾಮದ ನಂತರ ದೂರದಿಂದ ಹೊಡೆದ ಅವರ ಎರಡನೆಯ ಗೋಲು ಕ್ರೀಡಾಂಗಣವನ್ನೇ ಎಬ್ಬಿಸಿ ನಿಲ್ಲಿಸಿತು. ಸ್ಪೇನಿನ ಹುವಾನನ್ ಮೂರನೆಯದನ್ನು ಸೇರಿಸಿದರು. ಪಂದ್ಯ 3-1. ಭಾರತದ ಕ್ಲಬ್ಬೊಂದು ಈ ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದದ್ದು ಅದೇ ಮೊದಲು. ಆ ಕ್ಲಬ್ಬಿಗೆ ಆಗ ಮೂರು ವರ್ಷ ತುಂಬಿತ್ತಷ್ಟೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಛೇಟ್ರಿ ಸಿಕಂದರಾಬಾದಿನಲ್ಲಿ ಸೈನಿಕರ ಮನೆಯಲ್ಲಿ ಹುಟ್ಟಿದವರು. ಲಿಂಗ್ಡೋ ಶಿಲ್ಲಾಂಗಿನವರು, ವಿನೀತ್ ಕಣ್ಣೂರಿನವರು, ಜಾನ್ಸನ್ ಇಂಗ್ಲೆಂಡಿನವರು, ವಾಟ್ಸನ್ ಆಸ್ಟ್ರೇಲಿಯದವರು. ಯಜಮಾನರು ಮುಂಬಯಿಯವರು. ಹೀಗಿರುವಾಗ ಇದು ಬೆಂಗಳೂರಿನ ತಂಡ ಹೇಗಾದೀತು, ಕನ್ನಡಿಗರು ಇದರಲ್ಲಿ ಹೆಮ್ಮೆ ಪಡುವುದೇನಿದೆ ಎಂದು ಕೇಳಬಹುದು. ಆದರೆ ಬೇರೆ ಯಾರು ಕೇಳಿದರೂ ಪುಣೆಯ ಕನ್ನಡಿಗರು ಈ ಪ್ರಶ್ನೆಯನ್ನು ಕೇಳಬಾರದು. ನಾವು ಇಲ್ಲಿ ಹುಟ್ಟಿದವರಲ್ಲ. ಹೊಟ್ಟೆಪಾಡಿಗೆಂದು, ವರ್ಗಾವಣೆಯಿಂದ, ಮದುವೆಯಿಂದ ಬಂದವರು. ಇಲ್ಲಿ ದುಡಿದು, ಇಲ್ಲಿ ತೆರಿಗೆ ಕಟ್ಟಿ, ಇಲ್ಲಿನ ಶಾಲೆಗೆ ಮಕ್ಕಳನ್ನು ಕಳಿಸಿ, ಈ ಊರು ನಮ್ಮದೂ ಹೌದು ಎನ್ನುತ್ತೇವೆ. ಆ ಮಾತು ನ್ಯಾಯವಾದರೆ, ಬೆಂಗಳೂರಿನ ಹೆಸರನ್ನು ಎದೆಯ ಮೇಲೆ ಧರಿಸಿ ತೊಂಬತ್ತು ನಿಮಿಷ ಓಡಿದವನು ಬೆಂಗಳೂರಿನವನಾಗುವುದೂ ನ್ಯಾಯವೇ.

ಅಂತಿಮ ಪಂದ್ಯ ನಡೆದದ್ದು 2016ರ ನವೆಂಬರ್ 5ರಂದು, ಕತಾರಿನ ದೋಹಾದಲ್ಲಿ. ಎದುರಾಳಿ ಇರಾಕಿನ ಅಲ್ ಕುವಾ ಅಲ್ ಜವಿಯಾ. ಆ ಹೆಸರಿಗೆ ವಿಮಾನದಳವೆಂದೇ ಅರ್ಥ. 1931ರಲ್ಲಿ ಹುಟ್ಟಿದ ಬಾಗ್ದಾದಿನ ಹಳೆಯ ಕ್ಲಬ್ಬು ಅದು. ವಿಮಾನ ಕಾರ್ಖಾನೆಯ ಊರಿನವರಿಗೆ ವಿಮಾನದಳದವರೇ ಎದುರಾದರು! ಯುದ್ಧ ಮತ್ತು ಅಶಾಂತಿಯ ಕಾರಣದಿಂದ ಇರಾಕಿನ ತಂಡಗಳಿಗೆ ಸ್ವಂತ ನೆಲದಲ್ಲಿ ಅಂತರರಾಷ್ಟ್ರೀಯ ಪಂದ್ಯವಾಡಲು ಅನುಮತಿ ಇರಲಿಲ್ಲ. ಆದ್ದರಿಂದ ಆ ವರ್ಷ ಅವರು ತಮ್ಮ 'ತವರಿನ' ಪಂದ್ಯಗಳನ್ನೆಲ್ಲ ಕತಾರಿನಲ್ಲಿ ಆಡಿದರು. ಮನೆಯಿದ್ದೂ ಮನೆಯಿಲ್ಲದವರು, ಪರರ ಅಂಗಳದಲ್ಲಿ ತಮ್ಮ ರಂಗೋಲಿ ಇಟ್ಟವರು.

ಬೆಂಗಳೂರಿನ ಗೋಲಿ ಅಮರಿಂದರ್ ಸಿಂಗ್ ನಿಷೇಧದಿಂದಾಗಿ ಅಂದು ಆಡುವಂತಿರಲಿಲ್ಲ. ಮಿಜೋರಾಮಿನ ಲಾಲ್‌ಥುಅಮ್ಮಾವಿಯಾ ರಾಲ್ಟೆ ಆ ಜಾಗದಲ್ಲಿ ನಿಂತು ಎದೆಗೆಡದೆ ಆಡಿದರು. ಎಪ್ಪತ್ತನೆಯ ನಿಮಿಷದ ಸುಮಾರಿಗೆ ಇರಾಕಿನ ಹಮ್ಮಾದಿ ಅಹಮದ್ ಗೋಲು ಹೊಡೆದರು. ಆ ಪಂದ್ಯಾವಳಿಯಲ್ಲಿ ಅದು ಅವರ ಹದಿನಾರನೆಯ ಗೋಲು. ಪಂದ್ಯ 1-0ರಲ್ಲಿ ಮುಗಿಯಿತು. ಬೆಂಗಳೂರು ಸೋತಿತು, ಆದರೆ ಸೋತದ್ದು ಒಂದೇ ಗೋಲಿನಿಂದ.

ವಿಮಾನದಳದವರು 2017ರಲ್ಲೂ 2018ರಲ್ಲೂ ಇದೇ ಕಪ್ಪನ್ನು ಗೆದ್ದರು. 2018ರಲ್ಲಿ ನಿಷೇಧ ತೆರವಾಗಿದ್ದರಿಂದ ಅಂತಿಮ ಪಂದ್ಯ ಇರಾಕಿನ ಬಾಸ್ರಾ ನಗರದಲ್ಲೇ, ತಮ್ಮ ಜನರ ಎದುರಿನಲ್ಲೇ ನಡೆಯಿತು. ದೊಡ್ಡವರ ಪಂದ್ಯಾವಳಿಯಲ್ಲಿ ಅವರು ಆ ದಿನವನ್ನು ಕಾಣುತ್ತಿದ್ದರೋ ಇಲ್ಲವೋ. ಎರಡನೆಯ ಪಂಕ್ತಿ ಅವರಿಗೆ ಊಟ ಹಾಕಿತು, ಮನೆಗೂ ಕಳಿಸಿತು.

ಬೆಂಗಳೂರಿನವರು 2017ರಲ್ಲಿ ಮತ್ತೆ ಮುಂದುವರಿದು ಉತ್ತರ ಕೊರಿಯಾದ 4.25 ತಂಡವನ್ನು ತವರಿನಲ್ಲಿ 3-0ರಿಂದ ಸೋಲಿಸಿ, ಪ್ಯೊಂಗ್ಯಾಂಗಿಗೆ ಹೋಗಿ 0-0 ಮಾಡಿಕೊಂಡು ಬಂದರು. ಆಮೇಲೆ ತಾಜಿಕಿಸ್ತಾನದ ಇಸ್ತಿಕ್ಲಾಲ್ ಎದುರು ಸೋತರು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ನಿಂತು ಹಾಡುವ ಅಭಿಮಾನಿಗಳ ಬಳಗವೊಂದು ಬೆಳೆಯಿತು. ಬೇರೆ ಬೇರೆ ಭಾಷೆಯ, ಬೇರೆ ಬೇರೆ ಊರಿನ ಹುಡುಗರು ಅದರಲ್ಲಿದ್ದಾರೆ. ಘೋಷಣೆ ಮಾತ್ರ ಬೆಂಗಳೂರಿನದು.

ಪುಣೆಯಲ್ಲಿ ಇದಕ್ಕೆ ವಿರುದ್ಧವಾಗಿ ನಡೆಯಿತು. ಪುಣೆ ಎಫ್.ಸಿ. 2015ರಲ್ಲಿ ಐ-ಲೀಗಿನಿಂದ ಮರೆಯಾಯಿತು. ಡಿ.ಎಸ್.ಕೆ. ಶಿವಾಜಿಯನ್ಸ್ 2017ರಲ್ಲಿ ನಿಂತಿತು. ಎಫ್.ಸಿ. ಪುಣೆ ಸಿಟಿ 2019ರಲ್ಲಿ ಮುಚ್ಚಿ, ಅದರ ಲೀಗಿನ ಸ್ಥಾನ ಹೈದರಾಬಾದಿಗೆ ಹೋಯಿತು. ಐದು ವರ್ಷಗಳೊಳಗೆ ಮೂರು ತಂಡಗಳು! ಬಾಲೇವಾಡಿಯಲ್ಲಿ ಹುಲ್ಲು ಇದೆ, ದೀಪಗಳಿವೆ; 2023ರಲ್ಲಿ ಮುಂಬಯಿ ಸಿಟಿಯವರು ಬಂದು ಚಾಂಪಿಯನ್ಸ್ ಲೀಗಿನ ಪಂದ್ಯಗಳನ್ನು ಅಲ್ಲಿ ಆಡಿದರು. ಮನೆಯಿದೆ, ಮನೆಯವರಿಲ್ಲ. ಇರಾಕಿನವರ ಸ್ಥಿತಿಗೆ ಇದು ಸರಿಯಾಗಿ ತಿರುವುಮುರುವು.

ಕಾರಣ ಹಣದ್ದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಮತ್ತು ಅದು ಬಹುಮಟ್ಟಿಗೆ ನಿಜವೂ ಹೌದು. ಬೆಂಗಳೂರಿನ ಕ್ಲಬ್ಬಿಗೂ ಅದು ತಪ್ಪಿದ್ದಲ್ಲ. ದೇಶದ ಲೀಗಿನ ಭವಿಷ್ಯವೇ ಅನಿಶ್ಚಿತವಾದಾಗ 2025ರ ಆಗಸ್ಟಿನಲ್ಲಿ ಅದು ತನ್ನ ಪ್ರಥಮ ತಂಡದ ಆಟಗಾರರ, ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಆದರೆ ಯಜಮಾನನ ಹಣ ಒಂದು ಕಂಬವಾದರೆ ಊರಿನವರ ಮಮತೆ ಇನ್ನೊಂದು ಕಂಬ. ಬೆಂಗಳೂರಿನ ಸುದ್ದಿ ಹೊರಬಿದ್ದಾಗ ಸಂಕಟಪಡುವವರು ಸಾವಿರಾರು ಮಂದಿ ಇದ್ದರು. ಪುಣೆಯ ತಂಡಗಳು ಹೋದಾಗ ಎಷ್ಟು ಮನೆಗಳಲ್ಲಿ ಆ ಮಾತು ಬಂತು ಎಂಬುದನ್ನು ನಮ್ಮ ನಮ್ಮಲ್ಲೇ ಕೇಳಿಕೊಳ್ಳಬೇಕು. ಮರಾಠಿ ನೆರೆಯವರನ್ನೂ ಕೇಳಬಹುದು.

ಎ.ಎಫ್.ಸಿ. ಕಪ್ ಎಂಬ ಹೆಸರೂ ಈಗ ಇತಿಹಾಸವಾಯಿತು. 2023-24ರ ಕೊನೆಯ ಕಪ್ಪನ್ನು ಆಸ್ಟ್ರೇಲಿಯದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಗೆದ್ದ ಮೇಲೆ ಅದನ್ನು ಚಾಂಪಿಯನ್ಸ್ ಲೀಗ್ ಟೂ ಎಂದು ಮಾರ್ಪಡಿಸಿದರು. ಇಪ್ಪತ್ತು ವರ್ಷಗಳ ಆ ಪಟ್ಟಿಯಲ್ಲಿ ವಿಜೇತರ ಸಾಲಿನಲ್ಲಿ ಭಾರತದ ಹೆಸರು ಒಮ್ಮೆಯೂ ಇಲ್ಲ. ಎರಡನೆಯವರ ಸಾಲಿನಲ್ಲಿ ಒಂದೇ ಒಂದು ಸಲ ಇದೆ, ಅದು ಬೆಂಗಳೂರಿನದು.

ಕಚೇರಿಯಲ್ಲಿ ಕೆಳದರ್ಜೆಯ ಗುಮಾಸ್ತನಾಗಿ ಸೇರಿ ಮೇಲ್ದರ್ಜೆಯ ಗುಮಾಸ್ತನಾದವನಿಗೆ ದರ್ಜೆಯೆಂದರೇನು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ದರ್ಜೆಯನ್ನು ಗೊತ್ತುಮಾಡುವವರು ಬೇರೆಯವರು, ಅದರೊಳಗೆ ಮಾಡುವ ಕೆಲಸ ಮಾತ್ರ ನಮ್ಮದು. ನಮ್ಮ ಬಡಾವಣೆಗಳಲ್ಲಿ ಸಂಜೆ ಚೆಂಡನ್ನು ಒದೆಯುವ ಹುಡುಗರು ಈಗಲೂ ಇದ್ದಾರೆ, ಶಾಲೆಗಳ ತಂಡಗಳೂ ಪುಣೆಯ ಲೀಗೂ ಇವೆ. ನಾಳೆ ಈ ಊರಿನಲ್ಲಿ ಮತ್ತೊಂದು ಕ್ಲಬ್ಬು ಹುಟ್ಟಿದರೆ, ಅದು ಮೂರನೆಯ ಪಂಕ್ತಿಯದೇ ಆಗಲಿ, ಸಂಘದ ಬಂಧುಗಳು ಮಕ್ಕಳನ್ನು ಕರೆದುಕೊಂಡು ಬಾಲೇವಾಡಿಗೆ ಹೋಗಲಿ. ಬೆಂಗಳೂರಿನ ತಂಡ ಇಲ್ಲಿಗೆ ಆಡಲು ಬಂದ ದಿನ ಯಾರ ಕಡೆ ಕೂರುವುದೆಂಬ ಪೇಚು ನಮಗೆ ಬರಲಿ. ಎರಡು ಊರು ಇರುವವರಿಗೆ ಮಾತ್ರ ಬರುವ ಪೇಚು ಅದು.