ದೊಡ್ಡಸ್ವಾಮಿಯವರು: ಧೈರ್ಯ ಮತ್ತು ನಿಷ್ಠೆಯ ಒಂದು ನಿದರ್ಶನ

ಧರ್ಮಸಭೆಯ ಚರಿತ್ರೆಯಲ್ಲಿ ಧೈರ್ಯವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವವರು ರಕ್ತಸಾಕ್ಷಿಗಳು. ಪ್ರಭುವಿಗಾಗಿ ಪ್ರಾಣವನ್ನೇ ಒಪ್ಪಿಸಿದ ಆ ಪುಣ್ಯಾತ್ಮರು ಸದಾ ವಂದ್ಯರು. ಆದರೆ ಫಲ ಕಾಣದಿದ್ದರೂ ದಶಕಗಳ ಕಾಲ ತನ್ನ ಹಿಂಡನ್ನು ಬಿಡದೆ ನಿಲ್ಲುವುದು, ಕೊನೆಗೆ ಆ ಅಲ್ಪಫಲದ ಲೆಕ್ಕವನ್ನು ಬಣ್ಣ ಬಳಿಯದೆ ಲೋಕದ ಮುಂದಿಡುವುದು, ಇವೂ ಧೈರ್ಯದ ಕಾರ್ಯಗಳೇ. ಇದಕ್ಕೆ ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ಅಬ್ಬೆ ದುಬ್ವಾ ಅವರ ಬಾಳು ಒಂದು ನಿದರ್ಶನ.

ಫ್ರಾನ್ಸ್ ದೇಶದಲ್ಲಿ ಮಹಾಕ್ರಾಂತಿಯ ಜ್ವಾಲೆ ಭುಗಿಲೆದ್ದು, ಗುರುಗಳ ಬದುಕು ಅಪಾಯಕ್ಕೆ ಸಿಲುಕಿದ್ದ 1792ರಲ್ಲಿ ದುಬ್ವಾ ಗುರುದೀಕ್ಷೆ ಪಡೆದರು. ಅದೇ ವರ್ಷ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟು ಪಾಂಡಿಚೇರಿ ಮಿಷನ್ನನ್ನು ಸೇರಿದರು. ಇಲ್ಲಿಯ ಉಡುಪನ್ನು ತೊಟ್ಟು, ಇಲ್ಲಿಯ ಆಹಾರ ಪದ್ಧತಿಯನ್ನು ಅನುಸರಿಸಿ, ಹಳ್ಳಿಹಳ್ಳಿ ತಿರುಗಿದರು. ಜನರು ಅವರನ್ನು ಅಕ್ಕರೆಯಿಂದ ಕರೆದದ್ದು ‘ದೊಡ್ಡಸ್ವಾಮಿಯವರು’ ಎಂದು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. 1784ರಲ್ಲಿ ಕೆನರಾ ಸೀಮೆಯಿಂದ ಸೆರೆಯಾಗಿ ಬಂದ ಕ್ರೈಸ್ತರಲ್ಲಿ ಬದುಕುಳಿದವರು ಕುರುಬನಿಲ್ಲದ ಕುರಿಗಳಂತೆ ಚದುರಿಹೋಗಿದ್ದರು. ಕರ್ನಲ್ ವೆಲ್ಲೆಸ್ಲಿಯ ಆಹ್ವಾನದಂತೆ ದುಬ್ವಾ ಶ್ರೀರಂಗಪಟ್ಟಣಕ್ಕೆ ಬಂದು, ಅಲ್ಲಿನ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲು ತೊಡಗಿದರು. ಒತ್ತಾಯಕ್ಕೆ ಮಣಿದು ವಿಶ್ವಾಸವನ್ನು ತೊರೆದಿದ್ದವರನ್ನು ಹೊರಗೆ ನಿಲ್ಲಿಸದೆ ಒಳಕ್ಕೆ ಬರಮಾಡಿಕೊಂಡರು. ಬಡ ಕ್ರೈಸ್ತರಿಗೆ ಉಳಲು ನೆಲವಿಲ್ಲದೆ ನೆಲೆಯಿಲ್ಲವೆಂಬುದನ್ನು ಅರಿತು ಬೇಸಾಯದ ವಸಾಹತುಗಳನ್ನು ನೆಲೆಗೊಳಿಸಿದರು.

ಆ ಕಾಲದಲ್ಲಿ ಸಿಡುಬು ಊರಿಗೆ ಊರನ್ನೇ ಬರಿದುಮಾಡುತ್ತಿದ್ದ ಪಿಡುಗು. ಇಂಗ್ಲೆಂಡಿನ ವೈದ್ಯ ಜೆನ್ನರ್ 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ದಾಕು 1802ರ ಜೂನಿನಲ್ಲಿ ಮುಂಬಯಿಯನ್ನು ಮುಟ್ಟಿತು. ನಮ್ಮ ಸೆಕೆಯಲ್ಲಿ ಆ ಲಸಿಕೆ ಬಹುಕಾಲ ಉಳಿಯುತ್ತಿರಲಿಲ್ಲ. ದಾಕು ಹಾಕಿಸಿಕೊಂಡವನ ತೋಳಿನ ಗುಳ್ಳೆಯ ರಸವನ್ನು ಮತ್ತೊಬ್ಬನ ತೋಳಿಗೆ ದಾಟಿಸುತ್ತಲೇ ಅದನ್ನು ಜೀವಂತವಾಗಿಡಬೇಕಿತ್ತು. ಜನ ನಂಬಿ ತೋಳು ಚಾಚದಿದ್ದರೆ ಸರಪಣಿ ಅಲ್ಲಿಗೇ ಕಡಿದುಹೋಗುತ್ತಿತ್ತು. ಸಿಡುಬನ್ನು ‘ಅಮ್ಮ’ನೆಂದು ಪೂಜಿಸುವ ನಾಡಿನಲ್ಲಿ, ಪರದೇಶಿಯೊಬ್ಬ ತಂದ ಹೊಸ ಔಷಧಕ್ಕೆ ತಮ್ಮ ಮಕ್ಕಳ ತೋಳನ್ನು ಒಡ್ಡುವುದು ಸುಲಭದ ಮಾತಲ್ಲ. ಆದರೂ 1803-04ರ ಅವಧಿಯಲ್ಲಿ ದುಬ್ವಾ ಅವರ ಶ್ರಮದಿಂದ 25,432 ಜನರಿಗೆ ದಾಕು ಹಾಕಲಾಯಿತು.

ಇನ್ನು ಮತ್ತೊಂದು ಲೆಕ್ಕವಿದೆ. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳನ್ನು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟಿಸಿದರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಗುರುವಿನ ನೆರವಿನಿಂದ, ತಾವು ಹೊಸದಾಗಿ ವಿಶ್ವಾಸಕ್ಕೆ ತಂದವರು ಇನ್ನೂರು ಮುನ್ನೂರಕ್ಕಿಂತ ಹೆಚ್ಚಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಯೂರೋಪಿನ ಮಿಷನರಿ ವಲಯಗಳು ಉತ್ಸಾಹದ ವರದಿಗಳಿಗಾಗಿ ಕಾತರಿಸುತ್ತಿದ್ದ ಕಾಲವದು. ಅವರ ಮಾತಿಗೆ ಪ್ರತಿಯಾಗಿ 1824ರಲ್ಲೇ ಖಂಡನಾ ಗ್ರಂಥಗಳು ಹೊರಬಂದವು. ದುಬ್ವಾ ಅವರ ನಿರಾಶೆಯನ್ನು ನಾವು ಒಪ್ಪಬೇಕಾಗಿಲ್ಲ. ಅವರ ಪ್ರಾಮಾಣಿಕತೆಗೆ ತಲೆಬಾಗಲೇಬೇಕು.

ಅವರು ದೋಷಾತೀತರಾಗಿರಲಿಲ್ಲ. ಹಿಂದೂ ಸಮಾಜವನ್ನು ಕುರಿತ ಅವರ ಪ್ರಖ್ಯಾತ ಗ್ರಂಥದಲ್ಲಿ ಕಟುವಾದ ಪೂರ್ವಗ್ರಹಗಳಿವೆ. ಆ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಗುರು ಕೂರ್ದೂ ಅವರ ಹಿಂದಿನ ಹಸ್ತಪ್ರತಿಯೇ ಆಧಾರವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಚರಿತ್ರೆ ಬರೆಯುವವರು ಇದನ್ನೂ ಹೇಳಬೇಕು. ಮಹನೀಯರನ್ನು ಗೌರವಿಸಲು ಅವರ ಕುಂದುಗಳನ್ನು ಬಚ್ಚಿಡುವ ಅಗತ್ಯವಿಲ್ಲ.

1848ರಲ್ಲಿ ದುಬ್ವಾ ಪ್ಯಾರಿಸಿನಲ್ಲಿ ದೈವಾಧೀನರಾದರು. ನಾಡಿನ ಉತ್ತರದ ಅಂಚಿನಲ್ಲಿ, ಕಮಲನಗರ, ಔರಾದ, ಭಾಲ್ಕಿ, ಬೀದರ್‌ಗಳಲ್ಲಿ ಚದುರಿರುವ ನಮಗೆ ಶ್ರೀರಂಗಪಟ್ಟಣ ದೂರದ ಊರು. ಬೀದರ್ ಸೀಮೆಯನ್ನು ಒಳಗೊಂಡ ಗುಲಬರ್ಗಾ ಧರ್ಮಪ್ರಾಂತ್ಯ ರೂಪುಗೊಂಡದ್ದೂ 2005ರಲ್ಲಿ. ಆದರೂ ಅವರ ಬಾಳಿನ ಪಾಠ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಶತಮಾನೋತ್ಸವದ ಸಂಭ್ರಮದಲ್ಲಿ ಕುಟುಂಬಗಳ ಸಂಖ್ಯೆ, ಕಟ್ಟಡಗಳ ಎತ್ತರ, ಕಾಣಿಕೆಯ ಮೊತ್ತ ಇವುಗಳನ್ನು ಎಣಿಸುವುದು ಸಹಜ. ದುಬ್ವಾ ಅವರ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ: ದೀಕ್ಷೆ ಪಡೆದವರು ಇನ್ನೂರು ಮುನ್ನೂರು, ಜಾತಿಮತಗಳ ಭೇದವಿಲ್ಲದೆ ಸಿಡುಬಿನಿಂದ ರಕ್ಷೆ ಪಡೆದವರು ಇಪ್ಪತ್ತೈದು ಸಾವಿರಕ್ಕೂ ಮೇಲು. ನಮ್ಮ ಧರ್ಮಕೇಂದ್ರದ ನೂರು ವರುಷಗಳಲ್ಲಿ ನೆರೆಹೊರೆಯ ಎಷ್ಟು ಮನೆಗಳಿಗೆ ನಮ್ಮಿಂದ ನೆರವಾಯಿತು, ಬಿದ್ದವರಲ್ಲಿ ಎಷ್ಟು ಮಂದಿಯನ್ನು ನಾವು ಕೈಹಿಡಿದು ಒಳಗೆ ಕರೆದುಕೊಂಡೆವು ಎಂಬ ಲೆಕ್ಕವನ್ನೂ ಈ ಹಬ್ಬದ ದಿನಗಳಲ್ಲಿ ಮಾಡೋಣ. ಉತ್ತರ ಅಲ್ಪವೆನಿಸಿದರೆ ಅದನ್ನು ಮರೆಮಾಚದೆ ಪ್ರಭುವಿನ ಪೀಠದ ಮುಂದಿಟ್ಟು, ಎರಡನೆಯ ಶತಮಾನದ ಕೆಲಸಕ್ಕೆ ಕೈಹಚ್ಚೋಣ.