ಕ್ರಾಸ್ ಸ್ಟಿಚ್: ಎಣಿಕೆಯ ಕಸೂತಿ ಮತ್ತು ಅದರ ಕಲಿಕೆಯ ಇತಿಹಾಸ

ಬಟ್ಟೆಯ ಎಳೆಗಳನ್ನು ಎಣಿಸಿ, ಎರಡು ಓರೆ ಹೊಲಿಗೆಗಳನ್ನು ಒಂದರ ಮೇಲೊಂದು ಇಂಟು ಗುರುತಿನ ಆಕಾರದಲ್ಲಿ ಹಾಕಿ, ಚಿತ್ರ, ಅಕ್ಷರ, ಅಂಚುಗಳನ್ನು ಮೂಡಿಸುವ ಕಸೂತಿಗೆ ಕ್ರಾಸ್ ಸ್ಟಿಚ್ ಎಂದು ಹೆಸರು. ಪ್ಯಾಲೆಸ್ತೀನಿನ ಹೆಂಗಸರ ಉಡುಪು, ಉಕ್ರೇನಿನ ಅಂಗಿ, ಇಂಗ್ಲೆಂಡಿನ ಶಾಲಾ ಬಾಲಕಿಯರ ಅಕ್ಷರಮಾಲೆ, ಧಾರವಾಡ ಸೀಮೆಯ ಸೀರೆಯ ಸೆರಗು ಇವೆಲ್ಲದರಲ್ಲೂ ಈ ಹೊಲಿಗೆ ಇದೆ. ಕಲಿಯಲು ಇದರಷ್ಟು ಸುಲಭವಾದ ಹೊಲಿಗೆಗಳು ಕಡಿಮೆ. ಅದರಿಂದಲೇ ಹಲವು ಸಮಾಜಗಳಲ್ಲಿ ಮಕ್ಕಳ ಕೈಗೆ ಸೂಜಿ ಕೊಟ್ಟಾಗ ಮೊದಲ ಪಾಠಗಳಲ್ಲಿ ಇದೂ ಒಂದಾಯಿತು. ಅರಮನೆಯ ಕಸೂತಿಗಿಂತ ಮನೆ, ಶಾಲೆ, ಅನಾಥಾಲಯಗಳ ಬಟ್ಟೆಗಳೇ ಇದರ ಇತಿಹಾಸಕ್ಕೆ ಹೆಚ್ಚಿನ ಸಾಕ್ಷ್ಯ ಒದಗಿಸುತ್ತವೆ. ಆ ಇತಿಹಾಸ ಬಹುಪಾಲು ಕಲಿಸಿದವರ ಮತ್ತು ಕಲಿತವರ ಇತಿಹಾಸ.

ಹೊಲಿಗೆಯ ವಿಧಾನ

ಹಾಸು ಮತ್ತು ಹೊಕ್ಕು ಎಳೆಗಳು ಸಮ ಅಂತರದಲ್ಲಿರುವ ಬಟ್ಟೆ ಈ ಕಸೂತಿಗೆ ಬೇಕು. ಹಿಂದೆ ಅದು ಲಿನನ್ ಆಗಿತ್ತು. ಇಂದು ಹೆಚ್ಚಾಗಿ ಬಳಸುವುದು ಐಡಾ ಬಟ್ಟೆ. ಅದರ ನೇಯ್ಗೆಯಲ್ಲೇ ಚೌಕಗಳು ಎದ್ದು ಕಾಣುತ್ತವೆ. 14 ಕೌಂಟ್ ಬಟ್ಟೆ ಎಂದರೆ ಒಂದು ಅಂಗುಲಕ್ಕೆ 14 ಚೌಕ. ಹೀಗಾಗಿ 70 ಚೌಕ ಅಗಲ, 98 ಚೌಕ ಎತ್ತರದ ಚಿತ್ರ ಅಂಥ ಬಟ್ಟೆಯಲ್ಲಿ 5 ಅಂಗುಲಕ್ಕೆ 7 ಅಂಗುಲ ಬರುತ್ತದೆ. ಆರು ಎಳೆಗಳ ದಾರದಿಂದ ಸಾಮಾನ್ಯವಾಗಿ ಎರಡೆಳೆ ಬಿಡಿಸಿಕೊಂಡು, ಮೊಂಡು ಮೊನೆಯ ಸೂಜಿಗೆ ಪೋಣಿಸಿ ಹೊಲಿಯುತ್ತಾರೆ. ಒಂದೊಂದು ಹೊಲಿಗೆಯನ್ನೂ ಪೂರ್ತಿ ಮುಗಿಸಿ ಮುಂದಕ್ಕೆ ಹೋಗುವುದು ಒಂದು ಕ್ರಮ. ಸಾಲಿನುದ್ದಕ್ಕೂ ಅರ್ಧ ಹೊಲಿಗೆ ಹಾಕಿಕೊಂಡು ಹೋಗಿ, ಮರಳಿ ಬರುವಾಗ ಉಳಿದರ್ಧ ತುಂಬುವುದು ಇನ್ನೊಂದು.

ನಿಯಮ ಒಂದೇ: ಮೇಲಿನ ಓರೆ ಹೊಲಿಗೆಗಳೆಲ್ಲ ಒಂದೇ ದಿಕ್ಕಿಗೆ ವಾಲಿರಬೇಕು. ಒಂದು ದಿಕ್ಕು ತಪ್ಪಿದರೂ ಬೆಳಕು ಅಲ್ಲಿ ಬೇರೆಯಾಗಿ ಬಿದ್ದು ಕಣ್ಣಿಗೆ ತಟ್ಟುತ್ತದೆ. ತಪ್ಪು ಕೂಡಲೇ ಕಾಣುತ್ತದೆ, ಬಿಚ್ಚಿ ಮತ್ತೆ ಹಾಕಿದರೆ ಬಟ್ಟೆಗೆ ಗಾಯವಾಗುವುದಿಲ್ಲ. ಚಿತ್ರ ಬರೆಯಲು ಬಾರದವರೂ ಎಣಿಸಿ ಚಿತ್ರ ಮೂಡಿಸಬಹುದು. ಹೊಸಬರಿಗೆ ಧೈರ್ಯ ಕೊಡುವುದೂ, ಪಳಗಿದವರನ್ನು ಗಂಟೆಗಟ್ಟಲೆ ಹಿಡಿದು ಕೂರಿಸುವುದೂ ಇದೇ ಗುಣ. ಎಣಿಕೆಯಲ್ಲಿ ಮನಸ್ಸು ನೆಲೆನಿಂತು, ಸಾಲು ಸಾಲಾಗಿ ರೂಪ ತಳೆಯುವ ಚಿತ್ರವನ್ನು ನೋಡುತ್ತ ಹೋಗುವುದೇ ಈ ಕೆಲಸದ ಸುಖ.

ಆರಂಭ ಮತ್ತು ಮಾದರಿ ಬಟ್ಟೆಗಳು

ಎಣಿಕೆಯ ಹೊಲಿಗೆಗಳು ಒಂದೇ ನಾಡಿನಲ್ಲಿ ಹುಟ್ಟಿ ಹರಡಿದವು ಎನ್ನುವುದಕ್ಕೆ ಆಧಾರವಿಲ್ಲ. ನೇಯ್ದ ಬಟ್ಟೆಯೇ ಚೌಕಗಳ ಹಾಸಾಗಿರುವುದರಿಂದ ಹಲವು ಜನಾಂಗಗಳು ತಮ್ಮಷ್ಟಕ್ಕೆ ಇದನ್ನು ಕಂಡುಕೊಂಡಿರಬಹುದು. ಮಮ್ಲೂಕ್ ಸುಲ್ತಾನರ ಕಾಲದ ಈಜಿಪ್ಟಿನಿಂದ ಲಿನನ್ ಮೇಲೆ ರೇಷ್ಮೆ ದಾರದಲ್ಲಿ ನಮೂನೆಗಳನ್ನು ಹೊಲಿದಿಟ್ಟ ತುಂಡುಗಳು ಸಿಕ್ಕಿವೆ. ಮುದ್ರಿತ ಪುಸ್ತಕಗಳು ಬರುವ ಮೊದಲು ಕಂಡ ನಮೂನೆಯನ್ನು ನೆನಪಿನಲ್ಲಿಡಲು ಇದ್ದ ಒಂದು ದಾರಿ ಇದು: ಬಟ್ಟೆಯ ಮೇಲೆ ಹೊಲಿದಿಡುವುದು. ಇಂಥ ಮಾದರಿ ಬಟ್ಟೆಗೆ ಯೂರೋಪಿನಲ್ಲಿ ಸ್ಯಾಂಪ್ಲರ್ ಎಂಬ ಹೆಸರು ಬಂತು.

1520ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯೋಹಾನ್ ಶಾನ್‌ಸ್ಪರ್ಗರ್ ನಮೂನೆ ಪುಸ್ತಕವನ್ನು ಅಚ್ಚು ಹಾಕಿದ. ಅನಂತರ ಕಲೋನ್, ವೆನಿಸ್, ಪ್ಯಾರಿಸ್ ನಗರಗಳಲ್ಲೂ ಅಂಥವು ಬಂದವು. ಆದರೂ ಮಾದರಿ ಬಟ್ಟೆ ನಿಲ್ಲಲಿಲ್ಲ. ಇಂಗ್ಲೆಂಡಿನ ಮಾದರಿ ಬಟ್ಟೆಗಳಲ್ಲಿ ಇಸವಿ ನಮೂದಾದ ಅತಿ ಹಳೆಯದು 1598ರದು. ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ಹೊಲಿದವಳು ಜೇನ್ ಬಾಸ್ಟಕ್. 1596ರಲ್ಲಿ ಆಲಿಸ್ ಲೀ ಎಂಬ ಹೆಣ್ಣುಮಗು ಹುಟ್ಟಿದ ದಿನವನ್ನು ಅವಳು ಅದರಲ್ಲಿ ಅಕ್ಷರಗಳಲ್ಲಿ ಹೊಲಿದಿದ್ದಾಳೆ. ಇಂಗ್ಲೆಂಡಿನ ಮಾದರಿ ಬಟ್ಟೆಗಳ ದಿನಾಂಕಿತ ಚರಿತ್ರೆ ಹೀಗೆ ಮುಂದಿನ ತಲೆಮಾರಿನ ಒಂದು ಮಗುವಿನ ಹೆಸರಿನೊಂದಿಗೆ ತೆರೆದುಕೊಳ್ಳುತ್ತದೆ.

ಅದೇ ಶತಮಾನದಲ್ಲಿ ಶ್ರೀಮಂತರ ಮನೆಗಳಲ್ಲೂ ಈ ಹೊಲಿಗೆಗೆ ಸ್ಥಾನವಿತ್ತು. ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿ ಮತ್ತು ಹಾರ್ಡ್‌ವಿಕ್‌ನ ಬೆಸ್ ಸೇರಿ, 1570ರ ಆಸುಪಾಸಿನಲ್ಲಿ ಪ್ರಾಣಿ, ಪಕ್ಷಿ, ಗಿಡಗಳ ಚಿತ್ರಗಳನ್ನು ಕ್ಯಾನ್ವಾಸ್ ಮೇಲೆ ರೇಷ್ಮೆಯಲ್ಲಿ ಹೊಲಿದರು. ನಾರ್ಫಕ್‌ನ ಆಕ್ಸ್‌ಬರ್ಗ್ ಹಾಲ್‌ನಲ್ಲಿರುವ ಆ ತೂಗುಬಟ್ಟೆಗಳ ಮುಖ್ಯ ಹೊಲಿಗೆ ಕ್ರಾಸ್ ಸ್ಟಿಚ್. ಅವುಗಳಲ್ಲಿನ ಹಲವು ಪ್ರಾಣಿಗಳ ರೂಪ ಸ್ವಿಸ್ ನಿಸರ್ಗಶಾಸ್ತ್ರಜ್ಞ ಕಾನ್ರಾಡ್ ಗೆಸ್ನರನ ಗ್ರಂಥದ ಚಿತ್ರಗಳಿಂದ ಬಂದದ್ದು.

ಅಕ್ಷರ ಕಲಿಸಿದ ಸೂಜಿ

17ನೆಯ ಶತಮಾನದ ಇಂಗ್ಲಿಷ್ ಸ್ಯಾಂಪ್ಲರ್‌ಗಳು ಸುರುಳಿ ಸುತ್ತಿಡಬಹುದಾದ ಉದ್ದನೆಯ ಪಟ್ಟಿಗಳು. ಅಟ್ಲಾಂಟಿಕ್ ದಾಟಿದ ವಲಸಿಗರ ಜೊತೆ ಅವು ಅಮೆರಿಕಕ್ಕೂ ಹೋದವು. ಪ್ಲಿಮತ್ ವಸಾಹತಿನ ಲೋರಾ ಸ್ಟ್ಯಾಂಡಿಶ್ ಹೊಲಿದದ್ದು ಅಲ್ಲಿ ಉಳಿದಿರುವವುಗಳಲ್ಲಿ ಬಹಳ ಹಳೆಯದು. 18ನೆಯ ಶತಮಾನದಲ್ಲಿ ಅವು ಚೌಕಾಕಾರ ಪಡೆದು ಗೋಡೆಗೇರಿದವು. ಅಕ್ಷರಮಾಲೆ, ಅಂಕಿಗಳು, ಒಂದು ನೀತಿಪದ್ಯ, ಮನೆ, ಮರ, ಕೊನೆಯಲ್ಲಿ ಹುಡುಗಿಯ ಹೆಸರು, ವಯಸ್ಸು ಮತ್ತು ಇಸವಿ ಅವುಗಳಲ್ಲಿರುತ್ತಿದ್ದವು.

ಅಕ್ಷರಕ್ಕೆ ಇಷ್ಟು ಮಹತ್ವ ಬರಲು ಒಂದು ವ್ಯಾವಹಾರಿಕ ಕಾರಣವಿತ್ತು. ದೊಡ್ಡ ಮನೆಗಳಲ್ಲಿ ಹಾಸಿಗೆ ಬಟ್ಟೆ, ಟವೆಲು, ಅಂಗಿಗಳಿಗೆ ಒಡೆಯರ ಹೆಸರಿನ ಅಕ್ಷರ ಮತ್ತು ಸಂಖ್ಯೆ ಹೊಲಿದಿಡಬೇಕಿತ್ತು. ಒಗೆತಕ್ಕೆ ಹೋದ ಬಟ್ಟೆ ಲೆಕ್ಕ ತಪ್ಪದೆ ಮರಳಲು ಅದೇ ಗುರುತು. ಆ ಕೆಲಸಕ್ಕೆ ಬಳಸುತ್ತಿದ್ದದ್ದು ಕ್ರಾಸ್ ಸ್ಟಿಚ್. ಬ್ರಿಸ್ಟಲ್ ನಗರದಲ್ಲಿ ಜಾರ್ಜ್ ಮುಲ್ಲರ್ ನಡೆಸುತ್ತಿದ್ದ ಅನಾಥಾಲಯಗಳ ಹುಡುಗಿಯರು 19ನೆಯ ಶತಮಾನದಲ್ಲಿ ಹೊಲಿದ ಸ್ಯಾಂಪ್ಲರ್‌ಗಳಲ್ಲಿ ಹೆಚ್ಚಿನವು ಕೆಂಪು ದಾರದವು. ಬಗೆಬಗೆಯ ಗಾತ್ರದ ಅಕ್ಷರಮಾಲೆಗಳು, ಅಂಕಿಗಳು, ಪುಟ್ಟ ಅಂಚುಗಳು ಅವುಗಳಲ್ಲಿ ಒತ್ತೊತ್ತಾಗಿವೆ. ಮನೆಗೆಲಸಕ್ಕೆ ಸೇರಲಿದ್ದ ಆ ಹುಡುಗಿಯರಿಗೆ ಅದು ಕೌಶಲಕ್ಕೆ ಸಿಕ್ಕ ಪ್ರಮಾಣಪತ್ರವೇ ಆಗಿತ್ತು. 1862ರ ಶಿಕ್ಷಣ ನಿಯಮಾವಳಿಯ ಬಳಿಕ ಇಂಗ್ಲೆಂಡಿನಲ್ಲಿ ಸರ್ಕಾರದ ಅನುದಾನ ಪಡೆಯುವ ಶಾಲೆಗಳ ಹುಡುಗಿಯರಿಗೆ ಹೊಲಿಗೆ ಕಡ್ಡಾಯವಾಯಿತು.

ಈ ಶಿಕ್ಷಣದಲ್ಲಿ ಶಿಸ್ತಿನ ಒತ್ತಡವಿತ್ತು, ಹೆಣ್ಣಿನ ಬದುಕಿಗೆ ಗಡಿ ಹಾಕುವ ಉದ್ದೇಶವೂ ಇತ್ತು. ಆದರೆ ಕೊಟ್ಟ ಪಾಠವನ್ನು ಮೀರಿ ಸೂಜಿ ಮಾತನಾಡಿದ್ದೂ ಉಂಟು. 1813ರಲ್ಲಿ ಸಸೆಕ್ಸ್‌ನಲ್ಲಿ ಹುಟ್ಟಿದ ಎಲಿಜಬೆತ್ ಪಾರ್ಕರ್ ಎಳೆ ವಯಸ್ಸಿನಲ್ಲೇ ಮನೆಗೆಲಸಕ್ಕೆ ಸೇರಿದವಳು. ಅಲ್ಲಿ ಅನುಭವಿಸಿದ ಕ್ರೌರ್ಯವನ್ನೂ ಸಾಯಬೇಕೆನ್ನಿಸಿದ ಹತಾಶೆಯನ್ನೂ ಅವಳು 1830ರ ಸುಮಾರಿಗೆ ಬಿಳಿ ಲಿನನ್ ಮೇಲೆ ಕೆಂಪು ರೇಷ್ಮೆಯ ಕ್ರಾಸ್ ಸ್ಟಿಚ್‌ನಲ್ಲಿ, ಒಂದೂ ಅಲಂಕಾರವಿಲ್ಲದೆ, ಸಾಲು ಸಾಲಾಗಿ ಹೊಲಿದಳು. ಬರಹ ವಾಕ್ಯದ ನಡುವೆಯೇ ನಿಲ್ಲುತ್ತದೆ. ಅವಳ ಬದುಕು ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಅವಳು ಶಾಲಾ ಶಿಕ್ಷಕಿಯಾಗಿ ದೀರ್ಘಕಾಲ ಬಾಳಿದಳು. ಈ ಬಟ್ಟೆಯೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಮುದ್ರಿತ ನಕ್ಷೆ, ಕಾರ್ಖಾನೆಯ ದಾರ

1804ರಲ್ಲಿ ಬರ್ಲಿನ್ನಿನ ಪ್ರಕಾಶಕ ಫಿಲಿಪ್ಸನ್ ಚೌಕುಳಿ ಕಾಗದದ ಮೇಲೆ ಮುದ್ರಿಸಿ ಕೈಯಿಂದ ಬಣ್ಣ ತುಂಬಿದ ನಕ್ಷೆಗಳನ್ನು ಹೊರತಂದ. 1810ರಿಂದ ವಿಟ್ಟಿಕ್ ಮನೆತನದ ಪ್ರಕಾಶನವೂ ಅದೇ ದಾರಿ ಹಿಡಿಯಿತು. ಕಾಗದದ ಒಂದು ಚೌಕಕ್ಕೆ ಬಟ್ಟೆಯ ಮೇಲೆ ಒಂದು ಹೊಲಿಗೆ ಎಂಬ ಈ ಸರಳ ಹೊಂದಾಣಿಕೆ ಕಸೂತಿಯ ಚರಿತ್ರೆಯನ್ನೇ ತಿರುಗಿಸಿತು. ಮೃದುವಾದ ಮೆರಿನೋ ಉಣ್ಣೆಯಲ್ಲಿ ಹೊಲಿಯುತ್ತಿದ್ದ ಈ ಬರ್ಲಿನ್ ಕಸೂತಿ ಯೂರೋಪು, ಅಮೆರಿಕಗಳ ಮನೆಗಳನ್ನು ತುಂಬಿತು. 1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ನೇರಳೆ ಬಣ್ಣ ಕಂಡುಹಿಡಿದ ಮೇಲೆ ದಾರಗಳ ಬಣ್ಣ ಇನ್ನಷ್ಟು ಗಾಢವಾಯಿತು.

ಇಂದಿನ ಫ್ರಾನ್ಸಿನ ಮುಲೂಸ್‌ನಲ್ಲಿ 1746ರಲ್ಲಿ ಬಟ್ಟೆ ಅಚ್ಚಿನ ಉದ್ಯಮವಾಗಿ ಶುರುವಾದ ಡಿಎಂಸಿ ಕಂಪನಿ 19ನೆಯ ಶತಮಾನದಲ್ಲಿ ಕಸೂತಿ ದಾರಕ್ಕೆ ಹೆಸರಾಯಿತು. ಹತ್ತಿ ದಾರವನ್ನು ಕಾಸ್ಟಿಕ್ ಸೋಡಾದಲ್ಲಿ ಸಂಸ್ಕರಿಸಿ ಹೊಳಪು ಬರಿಸುವ ವಿಧಾನದಿಂದ ಅಗ್ಗದ, ಹೊಳಪಿನ ದಾರ ಸಾಮಾನ್ಯರ ಕೈಗೆಟುಕಿತು. ಆ ಕಂಪನಿಯೊಂದಿಗೆ ದುಡಿದ ಆಸ್ಟ್ರಿಯಾದ ತೆರೇಸ್ ದ ದಿಲ್ಮೋಂ 1886ರಲ್ಲಿ ಪ್ರಕಟಿಸಿದ ಹೆಣಿಗೆ ಹೊಲಿಗೆಗಳ ವಿಶ್ವಕೋಶ ಹಲವು ಭಾಷೆಗಳಿಗೆ ಹೋಯಿತು. ಎದುರು ಕೂತು ಕಲಿಸುವವರಿಲ್ಲದ ಮನೆಗಳಿಗೂ ಪಾಠ ತಲುಪಿತು. ಜೊತೆಗೆ ಒಂದು ನಷ್ಟವೂ ಆಯಿತು: ಒಂದೇ ಗುಲಾಬಿ ಹೂವಿನ ನಕ್ಷೆ ಎಲ್ಲೆಡೆ ಹರಡಿದಾಗ ಊರೂರಿನ ಹಳೆಯ ನಮೂನೆಗಳು ಹಿಂದೆ ಸರಿದವು. ಮಾಸ್ಕೋದ ಬ್ರೋಕಾರ್ ಕಂಪನಿ ಸಾಬೂನಿನ ಜೊತೆ ಹಂಚಿದ ಹೂವಿನ ನಕ್ಷೆಗಳು ಉಕ್ರೇನಿನ ಹಳ್ಳಿಗಳ ಅಂಗಿಗಳ ಮೇಲೂ ಬಂದು ಕೂತವು.

ಪ್ಯಾಲೆಸ್ತೀನಿನ ತತ್ರೀಜ್

ಹೊರಗಿನ ನಕ್ಷೆ ಬಂದರೂ ತನ್ನತನ ಉಳಿಸಿಕೊಂಡ ಪರಂಪರೆಗೆ ಪ್ಯಾಲೆಸ್ತೀನಿನ ತತ್ರೀಜ್ ಒಳ್ಳೆಯ ನಿದರ್ಶನ. ಅಲ್ಲಿನ ಹಳ್ಳಿಯ ಹೆಣ್ಣುಮಕ್ಕಳು ತಾಯಿ, ಅಜ್ಜಿಯರ ಬಳಿ ಕೂತು ಇದನ್ನು ಕಲಿತು, ಮದುವೆಯ ಹೊತ್ತಿಗೆ ತಮ್ಮ ತೋಬ್ ಎಂಬ ನಿಲುವಂಗಿಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಎದೆಯ ಮೇಲಿನ ಪಟ್ಟಿ, ಬಣ್ಣ, ನಮೂನೆಗಳನ್ನು ನೋಡಿದರೆ ತೊಟ್ಟವಳ ಸೀಮೆ ತಿಳಿಯುತ್ತಿತ್ತು. 1930ರ ದಶಕದ ಹೊತ್ತಿಗೆ ಫ್ರೆಂಚ್ ದಾರ, ಯೂರೋಪಿನ ನಕ್ಷೆಗಳು ಅಲ್ಲಿಗೂ ಬಂದವು. ಹೆಂಗಸರು ಅವುಗಳನ್ನು ತಮ್ಮ ವಿನ್ಯಾಸದೊಳಕ್ಕೆ ಒಗ್ಗಿಸಿಕೊಂಡರು. 1948ರಲ್ಲಿ ಊರು ಕಳೆದುಕೊಂಡವರು ನಿರಾಶ್ರಿತರ ಶಿಬಿರಗಳಿಗೂ ಈ ಹೊಲಿಗೆಯನ್ನು ಒಯ್ದರು. ಮಕ್ಕಳಿಗೆ ತಾವು ಕಾಣದ ಊರಿನ ಗುರುತು ಅದೇ ಆಯಿತು, ಎಷ್ಟೋ ಮನೆಗಳಿಗೆ ಜೀವನೋಪಾಯವೂ ಆಯಿತು. 2021ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕರ್ನಾಟಕದಲ್ಲಿ

ಉತ್ತರ ಕರ್ನಾಟಕದ ಕಸೂತಿಯಲ್ಲಿ ನಾಲ್ಕು ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ನೇಯ್ಗಿ ಮಗ್ಗದಲ್ಲೇ ನೇಯ್ದಂತಿರುತ್ತದೆ. ಮೆಂತೆಯಂತೂ ಕ್ರಾಸ್ ಸ್ಟಿಚ್ಚೇ. ಒತ್ತಾಗಿ ಹಾಕಿದಾಗ ಮೆಂತೆಕಾಳು ಚೆಲ್ಲಿದಂತೆ ಕಾಣುವ ಈ ಹೊಲಿಗೆಯನ್ನು ಚಿತ್ರದ ಒಡಲು ತುಂಬಲು ಬಳಸುತ್ತಾರೆ. ದಾರ ಹೆಚ್ಚು ಬೇಡುವುದರಿಂದ, ಹಿಂಬದಿ ಮುಂಬದಿಯಷ್ಟು ಚೊಕ್ಕವಾಗಿ ಬಾರದ್ದರಿಂದ ಉಳಿದವುಗಳಿಗಿಂತ ಇದರ ಬಳಕೆ ಮಿತವಾದದ್ದು.

ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸ, ಕೂಸಿನ ಕುಲಾವಿ, ಮದುಮಗಳ ಕಪ್ಪು ಚಂದ್ರಕಾಳಿ ಸೀರೆ ಇವು ಕಸೂತಿಯ ಸಾಂಪ್ರದಾಯಿಕ ನೆಲೆಗಳು. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ, ನವಿಲು, ಗಿಳಿ, ತೊಟ್ಟಿಲು ಇದರ ಚಿತ್ರಲೋಕ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸುತ್ತ ಹೋಗುವ ಕೈಗೆ ನೆನಪೊಂದೇ ನಕ್ಷೆ. ಹಾಗಾಗಿ ಅವ್ವನ ಮಗ್ಗುಲಲ್ಲಿ ಕೂತು ನೋಡುವುದೇ ಇದರ ಶಾಲೆಯಾಗಿತ್ತು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಇನ್ನೊಂದು ದಾರಿಯಿಂದ ಬಂದದ್ದು ಶಾಲೆಯ ಹೊಲಿಗೆ ತರಗತಿಯ ಕ್ರಾಸ್ ಸ್ಟಿಚ್. 20ನೆಯ ಶತಮಾನದಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಹೊಲಿದ ಬಾಗಿಲ ತೋರಣ, ಮೇಜುಹಾಸು, ಕಟ್ಟು ಹಾಕಿಸಿದ ಗಣಪತಿ, ಜೋಡಿ ನವಿಲು, ಸುಸ್ವಾಗತದ ಫಲಕ ರಾಜ್ಯದ ಎಷ್ಟೋ ಮನೆಗಳ ಪಡಸಾಲೆಗೆ ಬಂದವು. ನಕ್ಷೆ ಕಾಗದಗಳನ್ನು ನೆರೆಹೊರೆಯವರು ಒಬ್ಬರಿಂದೊಬ್ಬರು ಕಡ ಪಡೆದು ಚೌಕುಳಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು.

ಯುದ್ಧಕಾಲದಿಂದ ಇಂದಿನವರೆಗೆ

ಈ ಹೊಲಿಗೆ ಹೆಂಗಸರದ್ದಷ್ಟೇ ಆಗಿ ಉಳಿದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಬ್ರಿಟಿಷ್ ಮೇಜರ್ ಅಲೆಕ್ಸಿಸ್ ಕಾಸ್ಡಾಗ್ಲಿ 1941ರ ಡಿಸೆಂಬರಿನಲ್ಲಿ ಒಂದು ಸ್ಯಾಂಪ್ಲರ್ ಹೊಲಿದರು. ಅದರ ಅಂಚಿನ ಚುಕ್ಕೆ ಗೆರೆಗಳು ನಿಜಕ್ಕೂ ಮೋರ್ಸ್ ಸಂಕೇತ: ಬ್ರಿಟನ್ನಿನ ದೊರೆಗೆ ಹಾರೈಕೆ, ಹಿಟ್ಲರನಿಗೆ ಬೈಗುಳ. ಕಾವಲುಗಾರರಿಗೆ ಅದು ತಿಳಿಯಲೇ ಇಲ್ಲ. ಸೆರೆಯ ದಿನಗಳಲ್ಲಿ ಅವರು ಜೊತೆಯ ಅಧಿಕಾರಿಗಳಿಗೂ ಸೂಜಿ ಹಿಡಿಯುವುದನ್ನು ಕಲಿಸಿದರು.

ಇಂದು ಗಣಕದಲ್ಲಿ ಯಾವ ಛಾಯಾಚಿತ್ರವನ್ನಾದರೂ ಕ್ಷಣದಲ್ಲಿ ನಕ್ಷೆಯಾಗಿ ಮಾರ್ಪಡಿಸಬಹುದು. ಬಟ್ಟೆ, ದಾರ, ಸೂಜಿ, ನಕ್ಷೆ ಒಟ್ಟಿಗಿರುವ ಕಿಟ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ದಾರವನ್ನು ಎಷ್ಟು ಬಿಗಿಯಾಗಿ ಎಳೆಯಬೇಕು, ಎಲ್ಲಿಂದ ಶುರು ಮಾಡಿದರೆ ಹಿಂಬದಿ ಚೊಕ್ಕವಾಗಿರುತ್ತದೆ, ಲೆಕ್ಕ ತಪ್ಪಿದಾಗ ಎಲ್ಲಿಯವರೆಗೆ ಬಿಚ್ಚಿದರೆ ಸಾಕು ಎಂಬುದು ಬಲ್ಲವರ ಪಕ್ಕದಲ್ಲಿ ಕೂತವರಿಗೇ ಬೇಗ ಒಲಿಯುತ್ತದೆ. ಮುದ್ರಿತ ನಕ್ಷೆಯಿರುವ ನಮೂನೆ ಕೆಲಕಾಲ ಯಾರೂ ಹೊಲಿಯದಿದ್ದರೂ ಮತ್ತೆ ಜೀವ ಪಡೆಯಬಲ್ಲದು. ಉತ್ತರ ಕರ್ನಾಟಕದ ಕಸೂತಿಯಂಥ ನೆನಪಿನ ಕಲೆಗೆ ಆ ಆಸರೆ ಕಡಿಮೆ. ಒಂದು ತಲೆಮಾರು ಕಲಿಯದೆ ಬಿಟ್ಟರೆ ಅದರೊಡನೆ ನಮೂನೆಗಳೂ ಹೋಗುತ್ತವೆ. ಮಾನ್ಯತೆಯ ಪತ್ರ ಹೆಸರನ್ನು ಕಾಯಬಲ್ಲದು; ಹೊಲಿಗೆಯನ್ನು ಕಾಯುವುದು ಕಲಿಸಲು ಬಿಡುವು ಮಾಡಿಕೊಳ್ಳುವ ಹಿರಿಯರು ಮತ್ತು ಕೇಳಿ ಕಲಿಯುವ ಕಿರಿಯರು.