ತಂತಿಗೆ ಚುಚ್ಚಿದ ಕಾಗದ, ಮೇಲ್‌ನಾಗ ಉಳಿದ ವಿಳಾಸ

ನಮ್ಮ ಮಾವನವರ ಕಾಲದಾಗ ಬಂದ ಕಾಗದ ಎಲ್ಲಾ ಪಡಸಾಲಿ ಗೋಡೆಗೆ ತೂಗುಹಾಕಿದ ತಂತಿಗೆ ಚುಚ್ಚಿ ಇಡ್ತಿದ್ರು. ಯಾರದಾದ್ರೂ ವಿಳಾಸ ಬೇಕಂದ್ರ ತಂತಿ ಇಳಿಸೋದು, ಇನ್‌ಲ್ಯಾಂಡ್ ಲೆಟರ್ ಹಿಂದುಗಡೆ ಕಳಿಸಿದವರ ಹೆಸರಿನ ಜಾಗ ನೋಡೋದು. ಲಗ್ನಪತ್ರಿಕೆ ಹಂಚೋ ಕಾಲಕ್ಕ ಆ ತಂತೀನ ನಮ್ಮ ಅಡ್ರೆಸ್ ಪುಸ್ತಕ. 1972ರ ಆಗಸ್ಟ್ 15ಕ್ಕ ಪಿನ್ ಕೋಡ್ ಬಂತು. ಅದಕ್ಕಿಂತ ಹಳೇ ಕಾಗದದಾಗ ಊರು, ಜಿಲ್ಲೆ ಅಷ್ಟ. ಆಮೇಲಿನದ್ರಾಗ ನಮ್ಮ ಕಡೆಯವರದು 583 ಅಂತ ಶುರು.

ಈಗ ನಮ್ಮ ಮಗಳ ಲಗ್ನ ಗೊತ್ತಾಗೇತಿ. ಪತ್ರಿಕೆ ಮ್ಯಾಲ ಹೆಸರು ಬರಿಯಾಕ ಕುಂತಾಗ ಮೊದಲು ನೆನಪಾದವರು ಎದುರು ಮನ್ಯಾಗ ಬಾಡಿಗಿಗೆ ಇದ್ದ ಅಕ್ಕ. ಅವರ ಮನೆಯವರು ಥರ್ಮಲ್ ಸ್ಟೇಷನ್ ಕೆಲಸಕ್ಕ ಕುಡತಿನಿಗೆ ಬಂದಿದ್ರು. 2011ರಾಗ ನನ್ನ ಮಗಳಿಗೆ ಆಪರೇಷನ್ ಆದಾಗ ಎಂಟು ಸಾವಿರ ರೂಪಾಯಿ ಕೈಗಿಟ್ಟು, "ಇದ್ದಾಗ ಕೊಡುವಂತಿ, ತಗೋ" ಅಂದಿದ್ರು. ಕೊಡೋದ್ರೊಳಗ ಅವರು ಊರು ಬಿಟ್ರು, ನಂಬರ್ ಬದ್ಲಾತು, ನನ್ನ ಹಳೇ ಫೋನು ಬಚ್ಚಲದಾಗ ಬಿತ್ತು. ಕೊಡಬಾರದು ಅಂತ ಅಲ್ಲರೀ, ಆದ್ರ ಕೊಟ್ಟಿಲ್ಲ ಅನ್ನೋದು ಖರೇನ.

ಒಂದ ಎಳಿ ಉಳಿದಿತ್ತು. ಹೋದ ಮ್ಯಾಲೆ ಒಮ್ಮೆ ಅವರು ನನ್ನ ಮಗನ ಮೇಲ್‌ಗೆ ಗೃಹಪ್ರವೇಶದ ಫೋಟೋ ಕಳಿಸಿದ್ರು.

ಈ ಮೇಲ್ ನಿನ್ನೆ ಮೊನ್ನೆದು ಅಂದ್ಕೊಂಡಿದ್ದೆ, ನೋಡಿದ್ರ ನನ್ನ ವಾರಗಿದು! 1971ರಾಗ ಅಮೆರಿಕದಾಗ ರೇ ಟಾಮ್ಲಿನ್ಸನ್ ಅನ್ನೋ ಎಂಜಿನಿಯರು ಒಂದು ಕಂಪ್ಯೂಟರಿಂದ ಪಕ್ಕದಾಗಿದ್ದ ಇನ್ನೊಂದಕ್ಕ ಸಂದೇಶ ಕಳಿಸಿದ್ರು. ಮನುಷ್ಯರ ಹೆಸರು ಯಾವುದು, ಮಷೀನಿನ ಹೆಸರು ಯಾವುದು ಅಂತ ತಿಳೀಲಿ ಅಂತ ನಡುವ ಆ ಸುರುಳಿ 'ಅಟ್' ಗುರ್ತು ಇಟ್ಟವರೂ ಅವರ. ನಮ್ಮ ಓಣ್ಯಾಗ ಇಂಥಾಕಿ, ಇಂಥಾ ಮನ್ಯಾಕಿ ಅಂದಂಗ. ಪ್ರತಿ ಕಾಗದದ ತಲಿಮ್ಯಾಲ ಯಾರಿಂದ, ಯಾವತ್ತು ಅನ್ನೋದು ಇರಲೇಬೇಕು ಅಂತ 1982ರ ನಿಯಮದಾಗ ಬರದಾರ. ನನ್ನ ಕೈ ಹಿಡಿದದ್ದು ಈ ನಿಯಮ.

ನಮ್ಮ ದೇಶದ ಮಂದಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕ, ವಿಎಸ್ಎನ್ಎಲ್‌ನಿಂದ, ಅದೂ ದೊಡ್ಡ ಊರಾಗ. 1996ರ ಜುಲೈ 4ಕ್ಕ ಹಾಟ್‌ಮೇಲ್ ಬಂತು. ಕಟ್ಟಿದ ಇಬ್ಬರಾಗ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಾಗ ಬೆಳೆದವರು. ಆದ್ರ ಪುಕ್ಕಟೆ ಜಾಗ ಬರೇ 2 ಎಂಬಿ, ಹಳೇದು ಅಳಿಸ್ತಾನ ಇರಬೇಕು. 2004ರ ಏಪ್ರಿಲ್ 1ಕ್ಕ ಜಿಮೇಲ್ 1 ಜಿಬಿ ಕೊಡ್ತೀವಿ, ಒಗೀಬ್ಯಾಡ್ರಿ, ಹುಡುಕ್ಕೊಳ್ರಿ ಅಂದಾಗ ಏಪ್ರಿಲ್ ಫೂಲ್ ಮಾಡಾಕ ಹತ್ಯಾರ ಅಂತ ಭಾಳ ಮಂದಿ ನಂಬಲಿಲ್ಲ. ಮಾವನವರ ತಂತಿ ಅಷ್ಟು ಉದ್ದ ಬೆಳೀತು ನೋಡ್ರಿ.

ಮಗ ಅಕ್ಕನ ಹೆಸರು ಹಾಕಿ ಹುಡುಕಿದ. ಇಲ್ಲ. ಕನ್ನಡದಾಗ 'ಗೃಹಪ್ರವೇಶ' ಹಾಕಿದ. ಇಲ್ಲ. ಆಗ ನಾವೆಲ್ಲಾ ಕನ್ನಡಾನ ಇಂಗ್ಲಿಷ್ ಅಕ್ಷರದಾಗ ಬರೀತಿದ್ವಿ, ಒಬ್ಬೊಬ್ರದು ಒಂದೊಂದು ಥರ, ಹೆಂಗ ಸಿಗಬೇಕು? ಕಡೀಗೆ ನನಗ ನೆನಪಾತು, ಅಕ್ಕ ನನ್ನ ಶೇಂಗಾ ಚಟ್ನಿಪುಡಿ ಕೇಳಿದ್ರು. "ಚಟ್ನಿ ಅಂತ ಇಂಗ್ಲಿಷಿನಾಗ ಹಾಕು, ಸಾಲ್ಯಾಗ ಕಲಿಸಿದ ಸ್ಪೆಲ್ಲಿಂಗ್" ಅಂದೆ. ಬಂತು! ಕಳಿಸಿದವರ ಹೆಸರಿನ ಜಾಗದಾಗ ಅವರ ಮಗನ ಅಡ್ಡಹೆಸರು ಇತ್ತು, ಅದಕ್ಕ ಸಿಕ್ಕಿರಲಿಲ್ಲ. ಆ ಹೆಸರಿನ ಕೆಳಗ ಸಣ್ಣ ಬಾಣ ಇರ್ತೈತಿ, ಒತ್ತಿದ್ರ ಪೂರಾ ವಿಳಾಸ ಬಿಚ್ಕೊಂತು. ಮ್ಯಾಲ ಕಾಣೋ ಹೆಸರು ಯಾರು ಏನು ಬೇಕಾದ್ರೂ ಇಟ್ಕೋಬಹುದು, ಒಳಗಿನ ವಿಳಾಸ ನೋಡಿ ಬರಕೊಳ್ರಿ.

ಮೂರನೇ ದಿನ ರಾತ್ರಿ ಉತ್ತರ ಬಂತು. ಮಗ ಬರದಾನ: "ಅಮ್ಮಗ ಕಣ್ಣು ಸರಿ ಕಾಣಲ್ಲ ಅತ್ತೆ, ನಾನು ಓದಿ ಹೇಳಿದೆ. ರೊಕ್ಕದ ಮಾತು ಎತ್ತಬ್ಯಾಡ, ಚಟ್ನಿಪುಡಿ ಕಳಿಸು ಅಂದ್ರು." ಕೆಳಗ ಮನಿ ವಿಳಾಸ, ಪಿನ್ ಕೋಡ್ ಸಮೇತ.

ರೊಕ್ಕ ಈಗ ಕಳಿಸಬೇಕೋ, ಲಗ್ನಕ್ಕ ಬಂದಾಗ ಉಡಿಯಾಗ ಹಾಕಬೇಕೋ ಅಂತ ನಮ್ಮ ಮನ್ಯಾಗ ಇನ್ನಾ ಮಾತು ನಡದೈತಿ. ಶೇಂಗಾ ಮಾತ್ರ ಹುರದಿಟ್ಟೀನಿ.